ಒಂದು ನಿಮಿಷದ ಹಾರ್ನ್, ಒಂದು ಗಂಟೆಯ ಗದ್ದಲ

ನಮ್ಮ ಬೀದಿಗೆ ಹಂಪ್ ಹಾಕಿಸಿದ್ದು ನಾವೇ. ಬೈಕುಗಳು ಹಾರಿಕೊಂಡು ಬರುತ್ತಿದ್ದವು, ಶಾಲೆಗೆ ಹೋಗುವ ಮಕ್ಕಳು ರಸ್ತೆ ದಾಟಲು ಹೆದರುತ್ತಿದ್ದರು. ಎಲ್ಲರೂ ಸೇರಿ ಅರ್ಜಿ ಕೊಟ್ಟೆವು, ಹಂಪ್ ಬಂತು. ರಾತ್ರಿ ಹನ್ನೊಂದರ ಮೇಲೆ ಜಲ್ಲಿ ಇಳಿಸಿ ಖಾಲಿ ಬರುವ ಟಿಪ್ಪರ್‌ಗಳು ಅದರ ಮೇಲೆ ಹಾದಾಗಲೇ ನಮಗೆ ಇನ್ನೊಂದು ಮುಖ ಗೊತ್ತಾದದ್ದು. ಹಿಂಬಾಗಿಲು, ಸರಪಳಿ, ತಗಡು ಎಲ್ಲ ಒಟ್ಟಿಗೆ ಧಡಾರೆಂದು ಬಡಿಯುತ್ತವೆ. ಹಂಪಿನ ಎದುರು ಮನೆಯ ಅಜ್ಜಿ ಮೂರೇ ದಿನಕ್ಕೆ, "ಇದನ್ನ ಕಿತ್ತು ಹಾಕ್ಸಪ್ಪಾ, ನಿದ್ದೇಲಿ ಎದೆ ಧಸಕ್ ಅನ್ನುತ್ತೆ" ಅಂದರು.

ಹಂಪ್ ಕೇಳಿದ್ದು ತಪ್ಪಲ್ಲ, ಅಜ್ಜಿ ಹೇಳಿದ್ದೂ ತಪ್ಪಲ್ಲ. ಆದರೆ ಅರ್ಜಿ ಬರೆಯುವಾಗ ಸದ್ದಿನ ವಿಚಾರ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ಊರುಗಳಲ್ಲಿ ರಸ್ತೆಯ ಬಗ್ಗೆ ನಡೆಯುವ ಬಹುತೇಕ ತೀರ್ಮಾನಗಳ ಕಥೆ ಇದೇ. ವೇಗ, ಅಪಘಾತ, ಪಾರ್ಕಿಂಗ್, ಚರಂಡಿ ಎಲ್ಲಕ್ಕೂ ಒಂದೊಂದು ಫೈಲ್ ಇರುತ್ತದೆ, ಸದ್ದಿಗೆ ಇರುವುದಿಲ್ಲ. ಸದ್ದು ಹುಟ್ಟುವುದು, ಹರಡುವುದು, ತಗ್ಗುವುದು ಹೇಗೆ ಎಂಬ ನಾಲ್ಕು ಲೆಕ್ಕ ಗೊತ್ತಿದ್ದರೆ ನಾವು ಕೇಳುವ ಪರಿಹಾರಗಳೇ ಬೇರೆಯಾಗುತ್ತವೆ. ನಾವು ಸಾಮಾನ್ಯವಾಗಿ ಕೇಳುವುದು ಮರ, ಗೋಡೆ, ದಪ್ಪ ಗಾಜು. ಹೆಚ್ಚು ಫಲ ಕೊಡುವುದು ಹಾರ್ನ್, ಸೈಲೆನ್ಸರ್, ರಸ್ತೆಯ ಮೈ, ರಾತ್ರಿ ಲಾರಿಗಳ ದಾರಿ.

ಎಪ್ಪತ್ತು ಕೂಡಿಸು ಎಪ್ಪತ್ತು, ಎಪ್ಪತ್ತಮೂರು

ನಿಮ್ಮ ಗೇಟಿನ ಮುಂದೆ ನಿಂತ ಒಂದು ಆಟೋ 70 ಡೆಸಿಬೆಲ್ ಸದ್ದು ಮಾಡುತ್ತಿದೆ ಎನ್ನಿ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಆಟೋ ಬಂದು ನಿಂತರೆ ಮೀಟರ್ 140 ತೋರಿಸುವುದಿಲ್ಲ, 73 ತೋರಿಸುತ್ತದೆ. ಡೆಸಿಬೆಲ್ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಸದ್ದಿನ ಶಕ್ತಿ ಎರಡು ಪಟ್ಟಾದರೆ 3 ಡೆಸಿಬೆಲ್ ಏರುತ್ತದೆ, ಹತ್ತು ಪಟ್ಟಾದರೆ 10, ನೂರು ಪಟ್ಟಾದರೆ 20. ಕಿವಿಯ ಅನುಭವ ಇನ್ನೂ ಬೇರೆ. 3 ಡೆಸಿಬೆಲ್ ವ್ಯತ್ಯಾಸ ಗಮನವಿಟ್ಟು ಕೇಳಿದರೆ ತಿಳಿಯುವಷ್ಟು, 10 ಏರಿದರೆ ಸದ್ದು ಇಮ್ಮಡಿಯಾಯಿತು ಅನ್ನಿಸುತ್ತದೆ.

ಇದರ ಮೊದಲ ಪರಿಣಾಮವೇ ಬೇಸರ ತರಿಸುವಂಥದ್ದು. ಗಿಜಿಗುಡುವ ಮುಖ್ಯರಸ್ತೆಯಲ್ಲಿ ವಾಹನಗಳನ್ನು ಅರ್ಧಕ್ಕೆ ಇಳಿಸಿದರೂ ಸದ್ದು ತಗ್ಗುವುದು 3 ಡೆಸಿಬೆಲ್ ಮಾತ್ರ. ಅಷ್ಟು ಕಷ್ಟಪಟ್ಟು ಅರ್ಧಕ್ಕೆ ಇಳಿಸಿದ್ದು ಅಲ್ಲಿನ ನಿವಾಸಿಯ ಕಿವಿಗೆ ಗೊತ್ತಾಗುವುದೇ ಅನುಮಾನ.

ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಗಂಟೆಗೆ ನೂರು ಗಾಡಿ ಓಡಾಡುವ ಒಳಗಿನ ಅಡ್ಡರಸ್ತೆಗೆ ಮೊಬೈಲಿನ ಮ್ಯಾಪ್ ಇನ್ನೂ ಒಂಬೈನೂರು ಗಾಡಿಗಳನ್ನು 'ಹತ್ತಿರದ ದಾರಿ' ಅಂತ ನುಗ್ಗಿಸಿದರೆ ಅಲ್ಲಿ ಸದ್ದು 10 ಡೆಸಿಬೆಲ್ ಏರುತ್ತದೆ, ಮನೆಯವರಿಗೆ ಇಮ್ಮಡಿ ಗದ್ದಲ. ಆ ಒಂಬೈನೂರು ಗಾಡಿ ಮೊದಲೇ ನಾಲ್ಕೈದು ಸಾವಿರ ಗಾಡಿ ಓಡುತ್ತಿದ್ದ ಮುಖ್ಯರಸ್ತೆಯಲ್ಲೇ ಉಳಿದಿದ್ದರೆ ಅಲ್ಲಿ ಒಂದು ಡೆಸಿಬೆಲ್ ಕೂಡ ಹೆಚ್ಚುತ್ತಿರಲಿಲ್ಲ. ಗದ್ದಲವನ್ನು ಎಲ್ಲ ಬೀದಿಗಳಿಗೂ ಸಮನಾಗಿ ಹಂಚುವುದು ನ್ಯಾಯ ಅನ್ನಿಸಬಹುದು, ಆದರೆ ಸದ್ದಿನ ಲೆಕ್ಕದಲ್ಲಿ ಅದು ಎಲ್ಲರಿಗೂ ನಷ್ಟ. ಬಾರ್ಸಿಲೋನಾ ನಗರ ಕೆಲವು ಬಡಾವಣೆಗಳಲ್ಲಿ ಒಳರಸ್ತೆಗಳ ಮೂಲಕ ಹಾದುಹೋಗುವ ಸಂಚಾರವನ್ನು ತಡೆದು, ಅದನ್ನು ಸುತ್ತಲಿನ ದೊಡ್ಡ ರಸ್ತೆಗಳಿಗೆ ಮೀಸಲಿಟ್ಟಿರುವುದರ ಹಿಂದೆ ಈ ಲೆಕ್ಕವೂ ಇದೆ. ಹಾಗೆ ಮಾಡುವಾಗ ಮುಖ್ಯರಸ್ತೆಯ ಮನೆಗಳವರನ್ನು ಕೈಬಿಡಬಾರದು. ಬಾಡಿಗೆ ಕಡಿಮೆ ಎಂದು ಅಲ್ಲಿ ಬದುಕುವವರು ಬಹಳ. ಡಾಂಬರು, ಕಿಟಕಿ, ಗೋಡೆಗೆ ದುಡ್ಡು ಖರ್ಚು ಮಾಡುವುದಾದರೆ ಮೊದಲು ಅಲ್ಲಿ ಮಾಡಬೇಕು.

ದೂರದ ಲೆಕ್ಕವೂ ಅಷ್ಟೇ ಕಠಿಣ. ಒಂದೇ ಕಡೆ ನಿಂತ ಜನರೇಟರಿನಿಂದ ಎರಡು ಪಟ್ಟು ದೂರ ಹೋದರೆ 6 ಡೆಸಿಬೆಲ್ ಕಡಿಮೆಯಾಗುತ್ತದೆ. ರಸ್ತೆ ಹಾಗಲ್ಲ, ಅದು ಉದ್ದಕ್ಕೂ ಸದ್ದು ಮಾಡುವ ಗೆರೆ. ಎರಡು ಪಟ್ಟು ದೂರಕ್ಕೆ 3 ಮಾತ್ರ ಇಳಿಯುತ್ತದೆ. ರಸ್ತೆಯಿಂದ 10 ಮೀಟರ್ ದೂರದಲ್ಲಿ 70 ಇದ್ದರೆ, 20 ಮೀಟರಿನಲ್ಲಿ 67, 40ರಲ್ಲಿ 64. ವಸತಿ ಪ್ರದೇಶಕ್ಕೆ ಕಾನೂನು ಹಗಲಿಗೆ ಹೇಳುವ 55ಕ್ಕೆ ಇಳಿಯಬೇಕಾದರೆ, ನಡುವೆ ಕಟ್ಟಡಗಳಿಲ್ಲದ ಬಯಲಿನಲ್ಲಿ 320 ಮೀಟರ್ ದೂರ ಬೇಕು. ನಮ್ಮ ಯಾವ ಊರಿನಲ್ಲಿ ರಸ್ತೆಗೂ ಮನೆಗೂ ಅಷ್ಟು ಅಂತರವಿದೆ? ಮೊದಲ ಸಾಲಿನ ಕಟ್ಟಡಗಳೇ ಹಿಂದಿನ ಸಾಲಿಗೆ ಗೋಡೆಯಾಗಿ ನಿಂತಿರುವುದರಿಂದಲೇ ಒಳಬೀದಿಗಳು ಬದುಕಿಕೊಂಡಿವೆ.

ಹಾರ್ನ್

ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಂದು ಕ್ಷಣದ ಸದ್ದನ್ನಲ್ಲ, ಒಂದು ಅವಧಿಯ ಸರಾಸರಿಯನ್ನು. ಆದರೆ ಅದು ಪರೀಕ್ಷೆಯ ಅಂಕಗಳ ಸರಾಸರಿಯ ಹಾಗಲ್ಲ, ಶಕ್ತಿಯ ಸರಾಸರಿ. ಅದರಲ್ಲಿ ಜೋರು ಸದ್ದಿಗೆ ಭಾರ ಹೆಚ್ಚು. ಒಂದು ಉದಾಹರಣೆಯ ಲೆಕ್ಕ ಮಾಡೋಣ. ನಿಮ್ಮ ಕಿಟಕಿಯ ಹೊರಗೆ ಗಂಟೆಯಿಡೀ ರಸ್ತೆಯ ಸದ್ದು 65 ಡೆಸಿಬೆಲ್ ಇದೆ. ಆ ಗಂಟೆಯಲ್ಲಿ ಅಲ್ಲೊಂದು ಇಲ್ಲೊಂದು ಕೇಳುವ ಹಾರ್ನ್‌ಗಳನ್ನೆಲ್ಲ ಒಟ್ಟು ಸೇರಿಸಿದರೆ ಒಂದು ನಿಮಿಷ, ಪ್ರತಿಯೊಂದೂ ಕಿಟಕಿಯ ಬಳಿ 90 ಡೆಸಿಬೆಲ್. ಆಗ ಇಡೀ ಗಂಟೆಯ ಸರಾಸರಿ 73ಕ್ಕೆ ಏರುತ್ತದೆ. ಉಳಿದ 59 ನಿಮಿಷದ ಎಂಜಿನ್, ಟೈರು, ಬಸ್ಸು, ಲಾರಿ ಎಲ್ಲ ಸೇರಿ ಹೊರಹಾಕಿದ ಶಕ್ತಿಗಿಂತ ಆ ಒಂದು ನಿಮಿಷದ್ದೇ ಐದು ಪಟ್ಟು ಹೆಚ್ಚು.

ಹಾರ್ನ್ ನಿಂತರೆ 8 ಡೆಸಿಬೆಲ್ ಇಳಿಯುತ್ತದೆ. ಅಷ್ಟೇ ಇಳಿಸಲು ವಾಹನಗಳ ಸಂಖ್ಯೆಯಿಂದ ಪ್ರಯತ್ನಿಸಿದರೆ ಆರರಲ್ಲಿ ಐದು ಗಾಡಿಗಳನ್ನು ರಸ್ತೆಯಿಂದ ತೆಗೆಯಬೇಕಾಗುತ್ತದೆ. ಯುರೋಪಿನಲ್ಲಿ 2002ರ ನಿರ್ದೇಶನದ ಪ್ರಕಾರ ದೊಡ್ಡ ನಗರಗಳು ಐದು ವರ್ಷಕ್ಕೊಮ್ಮೆ ಸದ್ದಿನ ನಕ್ಷೆ ತಯಾರಿಸುತ್ತವೆ. ಆ ನಕ್ಷೆಗಳು ವಾಹನ ಸಂಖ್ಯೆ, ವೇಗ, ರಸ್ತೆಯ ಮೈ ಇವನ್ನು ನೋಡಿ ಸದ್ದನ್ನು ಅಂದಾಜು ಮಾಡುತ್ತವೆ. ಆ ಸೂತ್ರಗಳನ್ನು ಹಾಗೇ ತಂದು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ವೃತ್ತಕ್ಕೆ ಹಾಕಿದರೆ ಕೆಲಸಕ್ಕೆ ಬಾರದು. ಅವುಗಳಲ್ಲಿ ಹಾರ್ನ್ ಇಲ್ಲ.

ನಿಯಮ ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಿಗೆ 2010ರಲ್ಲಿ ತಿದ್ದುಪಡಿ ಬಂದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶಗಳಲ್ಲಿ ತುರ್ತು ಸಂದರ್ಭ ಬಿಟ್ಟು ಹಾರ್ನ್ ಹೊಡೆಯುವಂತಿಲ್ಲ ಎಂದಾಯಿತು. ಈ ನಿಯಮ ಇದೆ ಎಂದೇ ನನಗೆ ಪರಿಚಯವಿರುವ ಒಬ್ಬ ಚಾಲಕರಿಗೂ ಗೊತ್ತಿರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಎಫ್ ಕಲಮು ಅನಗತ್ಯ ಹಾರ್ನಿಗೆ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2,000 ದಂಡ ಹೇಳುತ್ತದೆ. 2020ರ ಆರಂಭದಲ್ಲಿ ಮುಂಬೈ ಪೊಲೀಸರು ಕೆಲವು ಸಿಗ್ನಲ್‌ಗಳಿಗೆ ಸದ್ದು ಅಳೆಯುವ ಯಂತ್ರ ಜೋಡಿಸಿ, 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುವ ಹಾಗೆ ಮಾಡಿ ತೋರಿಸಿದರು. ಆ ಪ್ರಯೋಗದಲ್ಲಿ ನನಗೆ ಹಿಡಿಸಿದ್ದು ಅದರ ಸರಳತೆ. ಹಾರ್ನ್ ಹೊಡೆದರೆ ಬೇಗ ಹೋಗುತ್ತೇವೆ ಎಂಬ ನಂಬಿಕೆಯನ್ನೇ ಅದು ಮುಟ್ಟಿತು. ಕಠ್ಮಂಡು 2017ರ ಏಪ್ರಿಲಿನಲ್ಲಿ ಅನಗತ್ಯ ಹಾರ್ನ್ ನಿಷೇಧಿಸಿತು. ಮಿಜೋರಾಮಿನ ಐಜ್ವಾಲಿನಲ್ಲಿ ಇಕ್ಕಟ್ಟಾದ ಗುಡ್ಡದ ರಸ್ತೆಗಳಲ್ಲೂ ಗಾಡಿಗಳು ಸಾಲಾಗಿ ಸುಮ್ಮನೆ ಕಾಯುತ್ತವೆ. ದಟ್ಟಣೆ ಇದ್ದ ಮಾತ್ರಕ್ಕೆ ಹಾರ್ನ್ ಇರಲೇಬೇಕು ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಟೈರು, ಎಂಜಿನ್, ರಸ್ತೆಯ ಮೈ

ಕಾರಿನ ಸದ್ದಿನಲ್ಲಿ ಎರಡು ಪಾಲು, ಎಂಜಿನ್ನಿನದು ಒಂದು, ಟೈರು ರಸ್ತೆಗೆ ಉಜ್ಜುವುದು ಇನ್ನೊಂದು. ಗಂಟೆಗೆ ಸುಮಾರು 40ರಿಂದ 50 ಕಿ.ಮೀ. ದಾಟಿದ ಮೇಲೆ ಟೈರಿನ ಸದ್ದು ಮುಂದಾಗುತ್ತದೆ. ಲಾರಿ, ಬಸ್ಸುಗಳಲ್ಲಿ ಎಂಜಿನ್ನಿನ ಸದ್ದು ಇನ್ನೂ ಹೆಚ್ಚಿನ ವೇಗದವರೆಗೆ ಮೇಲುಗೈ. ಹೆದ್ದಾರಿಯಲ್ಲಿ ವಿದ್ಯುತ್ ಕಾರುಗಳಿಂದ ಸದ್ದು ಅಷ್ಟೇನೂ ತಗ್ಗದಿರಲು ಈ ಟೈರಿನ ಸದ್ದೇ ಕಾರಣ. ಆದರೆ ಬೆಂಗಳೂರಿನ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಸಂಚಾರದಲ್ಲಿ ಎಂಜಿನ್ನೇ ಗದ್ದಲದ ಮೂಲ. ನಿಲ್ದಾಣ ಬಿಡುವಾಗ ಗುಡುಗುವ ಡೀಸೆಲ್ ಬಸ್ಸಿನ ಬದಲು ಬಿಎಂಟಿಸಿಯ ವಿದ್ಯುತ್ ಬಸ್ಸು ಬಂದು ಹೋದಾಗ ಆಗುವ ವ್ಯತ್ಯಾಸವನ್ನು ನಿಲ್ದಾಣದ ಪಕ್ಕದ ಅಂಗಡಿಯವರನ್ನು ಕೇಳಿ, ಮೀಟರ್ ಬೇಕಾಗುವುದಿಲ್ಲ. ನಿಧಾನವಾಗಿ ಚಲಿಸುವ ನಗರಕ್ಕೆ ವಿದ್ಯುತ್ ಬಸ್ಸು, ವಿದ್ಯುತ್ ಆಟೋಗಳಿಂದ ಸಿಗುವ ಲಾಭ ಬಹಳ ದೊಡ್ಡದು.

ಸೈಲೆನ್ಸರ್ ಬಿಚ್ಚಿಸಿ ಓಡಿಸುವ ಬೈಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿದ್ದೆಯಲ್ಲಿರುವ ಒಂದು ಬಡಾವಣೆಯನ್ನು ಒಂದೇ ಬೈಕು ಎಬ್ಬಿಸಬಲ್ಲದು. ಸದ್ದಿನ ಮಿತಿ ಮೀರುವ ಗಾಡಿಗೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಸದ್ದು ಹೆಚ್ಚಿಸುವ ಸೈಲೆನ್ಸರ್ ಮಾರುವ, ಜೋಡಿಸುವ ಅಂಗಡಿಗಳ ಮೇಲೂ ಕಣ್ಣಿಡಬೇಕು.

ರಸ್ತೆಯ ಮೈ ಬಗ್ಗೆ ನಾವು ಮಾತಾಡುವುದೇ ಕಡಿಮೆ. ನಯವಾದ ಡಾಂಬರಿಗಿಂತ ಕಾಂಕ್ರೀಟ್ ಸಾಮಾನ್ಯವಾಗಿ ಹೆಚ್ಚು ಸದ್ದು ಮಾಡುತ್ತದೆ, ಅದರಲ್ಲೂ ಜಾರದಿರಲೆಂದು ಅಡ್ಡಡ್ಡ ಗೀರು ಎಳೆದಿದ್ದರೆ. ಗೀರುಗಳನ್ನು ಗಾಡಿ ಸಾಗುವ ದಿಕ್ಕಿಗೆ ಉದ್ದುದ್ದ ಎಳೆದರೆ ಸದ್ದು ತಗ್ಗುತ್ತದೆ. ಬೆಂಗಳೂರಿನಲ್ಲಿ ಇಷ್ಟೊಂದು ರಸ್ತೆಗಳಿಗೆ ವೈಟ್ ಟಾಪಿಂಗ್, ಅಂದರೆ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸುವ ಕೆಲಸ ಆಗಿದೆ. ಗುಂಡಿ ಬೀಳದಿರುವುದು ಅದರ ನಿಜವಾದ ಲಾಭ, ಅದನ್ನು ಅಲ್ಲಗಳೆಯಲಾರೆ. ಆದರೆ ವೇಗವಾಗಿ ಗಾಡಿ ಓಡುವ, ಇಕ್ಕೆಲದಲ್ಲೂ ಮನೆಗಳಿರುವ ಕಡೆ ಗೀರಿನ ದಿಕ್ಕನ್ನು ಟೆಂಡರಿನಲ್ಲೇ ಬರೆಯಿಸಬಹುದು. ಅದಕ್ಕೆ ತಗಲುವ ಖರ್ಚು ಬಹಳ ಸಣ್ಣದು.

ಇನ್ನು ರಸ್ತೆ ಸೇರುವ, ಮುರಿಯುವ ಜಾಗಗಳು: ಅಲ್ಲಾಡುವ ಮ್ಯಾನ್‌ಹೋಲ್ ಮುಚ್ಚಳ, ಫ್ಲೈಓವರಿನ ತುಂಡುಗಳು ಕೂಡುವ ಕಡೆಯ ಕಬ್ಬಿಣದ ಪಟ್ಟಿ, ಕೇಬಲ್ ಹಾಕಿ ಸರಿಯಾಗಿ ಮುಚ್ಚದ ಕಾಲುವೆ, ನಮ್ಮ ಬೀದಿಯ ಹಂಪ್. ಸರಾಸರಿಯಲ್ಲಿ ಇವು ಹೆಚ್ಚೇನೂ ಕಾಣಿಸಲಿಕ್ಕಿಲ್ಲ, ಆದರೆ ನಿದ್ದೆ ಕೆಡಿಸುವುದು ಇವೇ. ಒಂದೇ ಸಮನೆ ಹರಿಯುವ ಸದ್ದಿಗೆ ಮೈ ಒಂದಿಷ್ಟು ಹೊಂದಿಕೊಳ್ಳುತ್ತದೆ, ಥಟ್ಟನೆ ಬರುವ ಬಡಿತಕ್ಕೆ ಹೊಂದಿಕೊಳ್ಳುವುದಿಲ್ಲ. ಎಚ್ಚರವಾಗದಿದ್ದರೂ ಎದೆಬಡಿತ ಏರುತ್ತದೆ, ನಿದ್ದೆ ತೆಳುವಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತದೊತ್ತಡ, ಹೃದಯದ ತೊಂದರೆಗಳ ಅಪಾಯ ಹೆಚ್ಚುತ್ತದೆ. ಅಜ್ಜಿ ಎದೆ ಧಸಕ್ ಅನ್ನುತ್ತೆ ಅಂದದ್ದು ಬರೀ ಮಾತಿನ ಮಾತಲ್ಲ.

ಹಂಪಿಗೆ ಪರ್ಯಾಯವಿದೆ. ಗಿಡ್ಡಗೆ, ಕಡಿದಾಗಿ ಇರುವ ಉಬ್ಬಿನ ಬದಲು ಉದ್ದವಾದ, ಮೇಲೆ ಸಪಾಟಾಗಿರುವ, ಏರು ಇಳಿವು ನಿಧಾನವಾಗಿರುವ ದಾಟುಕಟ್ಟೆ ಹಾಕಿದರೆ ಮಕ್ಕಳೂ ದಾಟುತ್ತಾರೆ, ತಗಡೂ ಅಷ್ಟು ಬಡಿಯುವುದಿಲ್ಲ. ರಸ್ತೆಯನ್ನು ಕಿರಿದಾಗಿಸಿದರೂ ವೇಗ ಇಳಿಯುತ್ತದೆ. ವೇಗ 50ರಿಂದ 30ಕ್ಕೆ ಇಳಿದರೆ ಸದ್ದೂ ಸುಮಾರು 3 ಡೆಸಿಬೆಲ್ ಇಳಿಯುತ್ತದೆ, ಗಾಡಿ ಸಮವೇಗದಲ್ಲಿ ಹೋದರೆ ಮಾತ್ರ. ಬ್ರೇಕು ಹಾಕಿ ಮತ್ತೆ ಒಮ್ಮೆಲೇ ವೇಗ ಏರಿಸಿದರೆ ಆ ಲಾಭ ಕರಗುತ್ತದೆ.

ಮರ, ಗೋಡೆ, ಕಿಟಕಿ

ಸಭೆಗಳಲ್ಲಿ ಮೊದಲು ಬರುವ ಸಲಹೆ ಮರ ನೆಡಿ ಎಂಬುದು. ಮರ ನೆಡಬೇಕು, ನೆರಳಿಗೆ, ಹಕ್ಕಿಗೆ, ಧೂಳಿಗೆ. ಸದ್ದಿಗೆ ಮಾತ್ರ ಒಂದು ಸಾಲು ಮರದಿಂದ ಡೆಸಿಬೆಲ್ ಲೆಕ್ಕದಲ್ಲಿ ಏನೂ ಆಗುವುದಿಲ್ಲ. ಹತ್ತಾರು ಮೀಟರ್ ಅಗಲದ, ನೆಲದಿಂದಲೇ ದಟ್ಟವಾಗಿ ಬೆಳೆದ ಕಾಡಿನ ಪಟ್ಟಿಯಾದರೆ ಕೆಲವು ಡೆಸಿಬೆಲ್ ಸಿಕ್ಕೀತು. ರಸ್ತೆ ಕಣ್ಣಿಗೆ ಕಾಣದಿದ್ದರೆ ಕಿರಿಕಿರಿ ಕಡಿಮೆ ಅನ್ನಿಸುವುದು ನಿಜ, ಅದಕ್ಕೂ ಬೆಲೆಯಿದೆ.

ಗೋಡೆಗೆ ನಿಯಮ ಒಂದೇ: ಕಿಟಕಿಯಿಂದ ರಸ್ತೆ ಕಾಣಬಾರದು. ನೋಟ ಮರೆಯಾದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ, ಇನ್ನೂ ಎತ್ತರಿಸಿದರೆ 10ರ ಆಸುಪಾಸು. ಗೇಟು, ಅಂಗಡಿ, ಅಡ್ಡರಸ್ತೆ ಎಂದು ಹತ್ತು ಹೆಜ್ಜೆಗೊಂದು ಕಿಂಡಿ ಇರುವ ನಮ್ಮ ರಸ್ತೆಗಳಲ್ಲಿ ಗೋಡೆ ನಿಲ್ಲಿಸುವುದೆಲ್ಲಿ? ಎರಡನೇ ಮಹಡಿಯವರಿಗೆ ಆರಡಿ ಗೋಡೆ ಇದ್ದೂ ಇಲ್ಲದಂತೆ. ಅದು ಕೆಲಸ ಮಾಡುವುದು ಸದ್ದಿನ ಪಕ್ಕದಲ್ಲೇ ಒತ್ತಾಗಿ ನಿಂತಾಗ: ಫ್ಲೈಓವರಿನ ಅಂಚಿನಲ್ಲಿ, ಮೆಟ್ರೋ ಹಳಿಯ ಬದಿಯಲ್ಲಿ, ಜನರೇಟರಿನ ಸುತ್ತ.

ಕಿಟಕಿಯ ವಿಷಯಕ್ಕೆ ಬಂದರೆ, ಚಳಿ ದೇಶದವರ ಹಾಗೆ ಎರಡು ಪದರದ ಗಾಜು ಹಾಕಿ ಮುಚ್ಚಿಬಿಡುವುದು ನಮ್ಮ ಸೆಕೆಗೆ ಒಗ್ಗದು. ತೆರೆದ ಕಿಟಕಿ ತಡೆಯುವುದು 10ರಿಂದ 15 ಡೆಸಿಬೆಲ್ ಅಷ್ಟೇ. ನಮಗೆ ಒಗ್ಗುವ ದಾರಿ ನಮ್ಮ ಹಳೆಯ ಮನೆಗಳಲ್ಲೇ ಇತ್ತು. ತೊಟ್ಟಿಮನೆಯಲ್ಲಿ ಬೀದಿಗೆ ಜಗಲಿ, ಒಳಗೆ ಪಡಸಾಲೆ, ಮಲಗುವ ಕೋಣೆಗಳು ತೊಟ್ಟಿಯ ಕಡೆಗೆ, ಕೊನೆಗೆ ಹಿತ್ತಿಲು. ಗಾಳಿ ತೊಟ್ಟಿಯಿಂದ ಬರುತ್ತಿತ್ತು, ಬೀದಿಯ ಸದ್ದು ಜಗಲಿಯಲ್ಲೇ ನಿಲ್ಲುತ್ತಿತ್ತು. ಇವತ್ತಿನ ಅಪಾರ್ಟ್‌ಮೆಂಟಿನಲ್ಲೂ ರಸ್ತೆಯ ಕಡೆಗೆ ಮೆಟ್ಟಿಲು, ಅಡುಗೆಮನೆ, ಬಚ್ಚಲು ಇಟ್ಟು ಮಲಗುವ ಕೋಣೆಯನ್ನು ಹಿಂಬದಿಗೆ ಹಾಕಿದರೆ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಉಳಿಯುತ್ತದೆ. ರಸ್ತೆಯ ಕಡೆಯ ದೊಡ್ಡ ಬಾಲ್ಕನಿಯನ್ನು ಮಲಗುವ ಕೋಣೆಗೇ ಜೋಡಿಸುವ ನಕ್ಷೆಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಮೂಲದಲ್ಲೂ ಕಿವಿಯ ಕಡೆಯಲ್ಲೂ ಒಟ್ಟಿಗೆ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಒಂದು ಸರ್ಕಾರಿ ಶಾಲೆಯ ಕಥೆ ಇದೆ. ಅದರ ಒಂದು ಬದಿಯಲ್ಲೇ ಎತ್ತರದ ಹಳಿಯ ಮೇಲೆ ರೈಲು ಓಡುತ್ತಿತ್ತು. ಪಿ.ಎಸ್. 98 ಎಂಬ ಆ ಶಾಲೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾನ್‌ಜಾಫ್ಟ್, ಹಳಿಯ ಬದಿಯ ತರಗತಿಗಳ ಮಕ್ಕಳು ಓದಿನಲ್ಲಿ ಇನ್ನೊಂದು ಬದಿಯವರಿಗಿಂತ ಹಿಂದಿದ್ದಾರೆಂದು 1975ರಲ್ಲಿ ತೋರಿಸಿದರು. ದೊಡ್ಡ ತರಗತಿಗೆ ಬರುವಷ್ಟರಲ್ಲಿ ಅಂತರ ಸುಮಾರು ಒಂದು ವರ್ಷದ ಓದಿನಷ್ಟಾಗಿತ್ತು. ಮುಂದೆ ಹಳಿಯ ಕೆಳಗೆ ರಬ್ಬರ್ ಪಟ್ಟಿ ಹಾಕಿದರು, ತರಗತಿಗಳಿಗೆ ಸದ್ದು ಹೀರುವ ಚಾವಣಿ ಹಾಕಿದರು. ಬ್ರಾನ್‌ಜಾಫ್ಟ್ ಮತ್ತೆ ಅಳೆದು 1981ರಲ್ಲಿ ವರದಿ ಮಾಡಿದಾಗ ಎರಡು ಬದಿಯ ಮಕ್ಕಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ನಮ್ಮ ಮೆಟ್ರೋ ಮೇಲ್ಮಾರ್ಗಗಳ ಪಕ್ಕದಲ್ಲೂ ಶಾಲೆಗಳಿವೆ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿ ಕಿರುಗುಟ್ಟುವ ಕಡೆ ಹಳಿಯನ್ನು ಆಗಾಗ ಉಜ್ಜಿ ನಯ ಮಾಡುವುದು, ಎಣ್ಣೆ ಸವರುವುದು, ಬದಿಗೆ ತಡೆ ನಿಲ್ಲಿಸುವುದು ಎಲ್ಲ ತಿಳಿದಿರುವ ಕೆಲಸಗಳೇ. ಕೇಳುವವರು ಬೇಕು.

ಕಾನೂನಿನ ಅಂಕಿ, ಆರೋಪಿ ಇಲ್ಲದ ಅಪರಾಧ

ನಮ್ಮ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ವಾಣಿಜ್ಯಕ್ಕೆ 65 ಮತ್ತು 55, ಕೈಗಾರಿಕೆಗೆ 75 ಮತ್ತು 70, ನಿಶ್ಶಬ್ದ ವಲಯಕ್ಕೆ 50 ಮತ್ತು 40. ಈ ಅಂಕಿಗಳು ಸಡಿಲವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆಯಲ್ಲಿ ರಸ್ತೆ ಸದ್ದಿಗೆ ರಾತ್ರಿಯ ಮಿತಿ 45, ನಮ್ಮದೂ ಅದೇ. ಬೆಂಗಳೂರಿನಲ್ಲಿ ಹತ್ತು ಕಡೆ ನಿರಂತರವಾಗಿ ಸದ್ದು ಅಳೆಯುವ ಕೇಂದ್ರಗಳಿವೆ. ಪೀಣ್ಯ, ಮಾರತಹಳ್ಳಿ, ಬಿಟಿಎಂ ಬಡಾವಣೆ, ನಿಮ್ಹಾನ್ಸ್ ಅವುಗಳಲ್ಲಿ ಕೆಲವು. ಅಳತೆಯೂ ಇದೆ, ಅಂಕಿಯೂ ಇದೆ.

ಇಲ್ಲದಿರುವುದು ಆರೋಪಿ. ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು ಎನ್ನುತ್ತದೆ ನಿಯಮ. ಧ್ವನಿವರ್ಧಕ, ಜನರೇಟರ್, ರಾತ್ರಿ ನಡೆಯುವ ಕಟ್ಟಡದ ಕೆಲಸಕ್ಕೆ ಇದು ಸರಿಹೊಂದುತ್ತದೆ. ಅಲ್ಲಿ ಸ್ವಿಚ್ ಆರಿಸಬೇಕಾದವರು ಒಬ್ಬರಿದ್ದಾರೆ. ಹೊಸೂರು ರಸ್ತೆಯ ಮೇಲೆ ದೂರು ಕೊಡುವುದು ಯಾರ ವಿರುದ್ಧ? ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು ಎಲ್ಲರೂ ನಂಬಿದ್ದೇವೆ. ಆದರೆ 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಘೋಷಿಸಿದರೆ ಮಾತ್ರ ಅದು ನಿಶ್ಶಬ್ದ ವಲಯ. ಘೋಷಿಸಿದರೂ, ಮೇಲಿನ ದೂರದ ಲೆಕ್ಕ ನೋಡಿದವರಿಗೆ ಗೊತ್ತು, ದೊಡ್ಡ ರಸ್ತೆಯ ಪಕ್ಕದಲ್ಲಿ ಫಲಕ ನೆಟ್ಟು 50 ಡೆಸಿಬೆಲ್ ಬರಿಸಲು ಆಗದು.

ಹಾಗಾಗಿ ಸಂಚಾರದ ಸದ್ದಿನ ಅರ್ಜಿ ಠಾಣೆಗಿಂತ ರಸ್ತೆ ಮಾಡುವವರ ಮೇಜಿಗೆ ಹೋಗಬೇಕು, 'ಗದ್ದಲ ತಡೆಯಲಾಗುತ್ತಿಲ್ಲ' ಎಂದಲ್ಲ, ಬಿಡಿಸಿ ಬರೆದು. ಒಂದು ವಾರ ಕೂತು ಬರೆದಿಡಿ: ಎಷ್ಟು ಹೊತ್ತಿಗೆ, ಯಾವ ಬಗೆಯ ಗಾಡಿ, ಯಾವ ಜಾಗದಲ್ಲಿ, ಹಾರ್ನೋ ಬಡಿತವೋ ಎಂಜಿನ್ನೋ. ಫೋನಿನ ಆ್ಯಪ್ ನ್ಯಾಯಾಲಯಕ್ಕೆ ಆಗುವಷ್ಟು ನಿಖರವಲ್ಲ, ಆದರೆ ಅದೇ ಫೋನ್, ಅದೇ ಜಾಗ ಇಟ್ಟುಕೊಂಡು, ಬದಲಾವಣೆಗೆ ಮೊದಲು ಮತ್ತು ಆಮೇಲೆ ಎಂದು ಹೋಲಿಸಲು ಸಾಕು. ನಮ್ಮ ಬೀದಿಯಲ್ಲಿ ಹಾಗೆ ಬರೆದಿಟ್ಟ ಮೇಲೆ ತಿಳಿದದ್ದು, ಕಾಡುತ್ತಿದ್ದ ಸದ್ದಿನ ಬಹುಪಾಲು ಹನ್ನೊಂದರಿಂದ ಒಂದರ ನಡುವಿನ ಖಾಲಿ ಟಿಪ್ಪರ್‌ಗಳದು ಎಂದು. ಆಗ ಕೇಳಬೇಕಾದದ್ದು ಸ್ಪಷ್ಟವಾಯಿತು, ಆ ಗಾಡಿಗಳಿಗೆ ಬೇರೆ ದಾರಿ ಮತ್ತು ಹಂಪಿಗೆ ಬೇರೆ ಆಕಾರ.

ದೇವನಹಳ್ಳಿಯ ಆಕಾಶ

ವಿಮಾನದ ಸದ್ದಿಗೆ ಗೋಡೆಯೂ ಇಲ್ಲ, ಹಿತ್ತಿಲೂ ಇಲ್ಲ, ಅದು ಮೇಲಿಂದ ಬರುತ್ತದೆ. 2008ರ ಮೇ ತಿಂಗಳವರೆಗೆ ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದ ಅಕ್ಕಪಕ್ಕದ ಮುರುಗೇಶಪಾಳ್ಯ, ಕೋಡಿಹಳ್ಳಿಗಳವರು ಪ್ರಯಾಣಿಕ ವಿಮಾನಗಳ ಕೆಳಗೆ ಬದುಕಿದ್ದರು. ಆ ವಿಮಾನಗಳೆಲ್ಲ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದವು. ಮ್ಯೂನಿಕ್‌ನಲ್ಲೂ 1992ರಲ್ಲಿ ಹೀಗೇ ನಿಲ್ದಾಣ ಊರ ಹೊರಗೆ ಹೋಯಿತು. ಅಲ್ಲಿ ಸಂಶೋಧಕರು ಮೊದಲೂ ಆಮೇಲೂ ಮಕ್ಕಳನ್ನು ಪರೀಕ್ಷಿಸಿದ್ದರು. ಹಳೆಯ ನಿಲ್ದಾಣದ ಬಳಿಯ ಮಕ್ಕಳ ಓದು, ನೆನಪು ಸುಧಾರಿಸಿತು, ಹೊಸ ನಿಲ್ದಾಣದ ಬಳಿಯವರದು ಕುಸಿಯಿತು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2001ರಿಂದ ನಾಲ್ಕು ದಾರಿ ಹೇಳುತ್ತಾ ಬಂದಿದೆ: ಸದ್ದು ಕಡಿಮೆಯ ವಿಮಾನ, ಸುತ್ತಲ ನೆಲದ ಬಳಕೆಗೆ ಯೋಜನೆ, ಏರುವ ಇಳಿಯುವ ಕ್ರಮದಲ್ಲಿ ಬದಲಾವಣೆ, ಇವೆಲ್ಲ ಸಾಲದಿದ್ದರೆ ಹಾರಾಟಕ್ಕೆ ನಿರ್ಬಂಧ. ಇವುಗಳಲ್ಲಿ ನೆಲದ ಯೋಜನೆಗೆ ಮಾತ್ರ ಗಡುವು ಇದೆ. ಮನೆ ಕಟ್ಟಿದ ಮೇಲೆ ಅದು ಮುಗಿದ ಹಾಗೆ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಮಲಗಿವೆ. ಅಂದರೆ ಒಂದೇ ದೂರದಲ್ಲಿದ್ದರೂ ಅವುಗಳ ಪೂರ್ವಕ್ಕೆ, ಪಶ್ಚಿಮಕ್ಕೆ ನೇರ ಸಾಲಿನಲ್ಲಿರುವ ಊರುಗಳಿಗೆ ಬೀಳುವ ಸದ್ದು ಉತ್ತರ ದಕ್ಷಿಣದವರಿಗಿಂತ ಬಹಳ ಹೆಚ್ಚು. ಗೋದಾಮು, ಕಾರ್ಖಾನೆ, ತೋಟಗಳನ್ನು ಆ ಸಾಲಿಗೆ, ಮನೆ, ಶಾಲೆ, ಆಸ್ಪತ್ರೆಗಳನ್ನು ಬದಿಗಳಿಗೆ ಇಡುವ ಅವಕಾಶ ಇನ್ನೂ ಅಲ್ಲಲ್ಲಿ ಉಳಿದಿದೆ, ಆದರೆ ಲೇಔಟುಗಳು ವೇಗವಾಗಿ ಬರುತ್ತಿವೆ. 'ವಿಮಾನ ನಿಲ್ದಾಣಕ್ಕೆ ಹತ್ತು ನಿಮಿಷ' ಎಂಬ ಫಲಕ ನೋಡಿ ಆ ಕಡೆ ಸೈಟು ಕೊಳ್ಳಲು ಹೊರಟವರು ನಕ್ಷೆಯಲ್ಲಿ ರನ್‌ವೇಯ ಗೆರೆಯನ್ನು ಎರಡೂ ಕಡೆಗೆ ಉದ್ದಕ್ಕೆ ಎಳೆದು, ನಿಮ್ಮ ಸೈಟು ಅದರಿಂದ ಎಷ್ಟು ದೂರವಿದೆ ನೋಡಿ. ಮುಂಗಡ ಕೊಡುವ ಮೊದಲು ಒಂದು ರಾತ್ರಿ ಒಂದು ಗಂಟೆಯ ಹೊತ್ತಿಗೆ ಹೋಗಿ, ಗಾಡಿಯ ಎಂಜಿನ್ ಆರಿಸಿ, ಆ ಸೈಟಿನ ಮೇಲೆ ಅರ್ಧ ಗಂಟೆ ನಿಂತು ಬನ್ನಿ.